ಹನಿ ನಿಂತ ಹೊತ್ತು

...ಬ್ಯಾಡ್ರಿ ವಸ್ತಾದ್ರ, ಏಳಬ್ಯಾಡ್ರಿ. ನಾ ಇಲ್ಲೇ ಹೊಸ್ತಿಲ ಮ್ಯಾಲ ಕುಂಡ್ರತೀನಿ. ನಿಮ್ಮ ಸರೀಕ ಕಾಟಿನ ಮ್ಯಾಲ ಕುಂತ ರೂಢಿ ನನಗೆಲ್ಲೈತಿ. ಕಾಕೂ ಕೇಳಿದ್ರು, ಥಂಡಾಯಿ ಅರೀಲೇನು ಅಂತ. ನಾನ ಒಲ್ಲೆ ಅಂದೆ. ಈಗ ಹಾಲು ತರಾಕ ಎಮ್ಮಿ ಕಟ್ಟೂ ಕಟ್ಟಿ ಕಡೆ ಹೋಗ್ಯಾರ. ಎಮ್ಮಿ ಮುಂದ ನಿಂತು ಕರಸ್ಕೊಂಡು ಬರೂತನಾ ಅರ್ಧಾ ತಾಸರೆ ಹಿಡೀತೈತಿ. ಅಷ್ಟರಾಗ ಹೇಳೂದು ಹೇಳಿ ಎದ್ದು ಹೋಗ್ತೀನಿ.

ಹಂಗ್ಯಾಕ ನೋಡ್ತೀರಿ? ಗುರ್ತು ಹತ್ತಲಿಲ್ಲೇನು? ನಾ ಉತ್ತಮ... ಭೋಪಳೆ ಉತ್ತಮ. ನಿಮ್ಮ ಕುಸ್ತಿ ತಾಲೀಮಿನ್ಯಾಗ ಎಲ್ಲಾರೂ ಕಡ್ಡಿ ಅಂತಿದ್ರಲ್ಲ... ಹಾಂ, ಈಗ ನಕ್ರಿ. ಅದೇ ಕಡ್ಡಿ. ಈಗ ದವಾಖಾನ್ಯಾಗ ಟೆಕ್ನಿಷಿಯನ್. ನಿಮ್ಮ ಎದಿಯಾಗ ಮಶೀನು ಕೂಡಿಸಿದ ದಿನ ಆ ಖೋಲಿಯಾಗ ನಾನೂ ಇದ್ದೆ. ಅದು ನಿಮಗ ಗೊತ್ತೈತಿ.

ಇಲ್ಲ ಇಲ್ಲ, ಮಾತಾಡಬ್ಯಾಡ್ರಿ. ಉಸುರು ಹತ್ತತೈತಿ. ನಾನ ಮಾತಾಡ್ತೀನಿ, ನೀವು ಸುಮ್ನ ಕೇಳ್ರಿ.

ಇಪ್ಪತ್ತು ದಿನಾ ಆತು, ಒಮ್ಮೆರೆ ಬಂದಾನೇನು ಇಂವ ಅಂತ ಅನಕೊಂಡಿರಬೇಕು. ಬಂದಿದ್ದೆ. ಎರಡು ಸಲ ಓಣಿ ಬಾಯಿತನಾ ಬಂದಿದ್ದೆ. ತಾಲೀಮಿನ ಕಟ್ಟಿ ಮ್ಯಾಲ ಕುಂತ ಪೈಲ್ವಾನರು ನನ್ನ ನೋಡಿ ಎದ್ದು ನಿಂತ್ರು. 'ಉತ್ತಮಭಾವು, ನೀವು ಇದ್ರಿ ಅಂತ ವಸ್ತಾದರು ಉಳದ್ರು' ಅಂದ್ರು. ಒಬ್ಬಾಂವ ಕಾಲಿಗೂ ಬಿದ್ದ. ಆ ಕಾಲಿಲೇ ಹಿಂದ ತಿರುಗಿ ಹೋದೆ. ಅವತ್ತಿಂದ ಮನ್ಯಾಕಿ ಮಟನ್ನಿನ ಬಿಳಿ ರಸ್ಸಾ ಮಾಡಿ ಮುಂದಿಟ್ರೂ ಬ್ಯಾಡ ಅನಸ್ತೈತಿ.

ಇವತ್ತು ಕೆಲಸ ಇಟಗೊಂಡ ಬಂದೇನಿ. ಸುಳ್ಳು ಯಾಕ ಹೇಳ್ಲಿ. ಈ ಕಾಗದಕ್ಕ ನಿಮ್ಮದೊಂದು ಸಹಿ ಬೇಕು. ಓದ್ತೀನಿ, ಕೇಳ್ರಿ. 'ಮಶೀನು ಕೂಡಿಸುವಾಗ ನನಗೆ ಮಂಪರು ಇತ್ತು. ಅಲ್ಲಿ ಯಾರು ಏನು ಮಾತಾಡಿದರೋ ನನಗೆ ಕೇಳಿಸಿಲ್ಲ.' ಮುಗೀತು. ಎರಡ ಸಾಲು. ಒಂದು ಸಲ ವಿಚಾರಣಿ ಆಗೇತಿ, ನಾಳೆ ಹನ್ನೊಂದಕ್ಕ ದವಾಖಾನ್ಯಾಗ ಎರಡನೇ ಚೌಕಶಿ ಐತಿ. ಇದನ್ನ ಅವರ ಮುಂದ ಇಟ್ಟುಬಿಟ್ರ ನಿಮ್ಮನ್ನ ಕರಿಸೂದಿಲ್ಲ. ಇಂಥಾ ಉಸುರಿನ್ಯಾಗ ನೀವು ಅಲ್ಲಿತನಾ ಬಂದು, ಆ ಮಂದಿ ಕೇಳಿದ್ದಕ್ಕೆಲ್ಲಾ ಜವಾಬು ಹೇಳೂದು... ಯಾಕ ಬೇಕು? ನಿಮ್ಮ ಸಲುವಾಗೇ ಅಂತ ತಿಳೀರಿ.

ಯಾಕ್ರಿ ಕಣ್ಣು ಮುಚ್ಚಿದ್ರಿ? ದಣಿವಾತೇನು?

ಕೇಳ್ಕೋತ ಅದೀರಿ ಅನ್ರಿ. ಆತು. ಅವತ್ತು ಏನಾತು ಅಂತ ನಿಮಗ ಯಾರರೆ ಬಿಡಿಸಿ ಹೇಳ್ಯಾರೋ ಇಲ್ಲೋ. ಡಾಕ್ಟರು ಹೇಳೂದು ಅರ್ಧಾ ಇಂಗ್ಲಿಷಿನ್ಯಾಗ. ನಾ ನಮ್ಮ ಮಾತಿನ್ಯಾಗ ಹೇಳ್ತೀನಿ. ನೀವು ಪಟ್ಟು ತೋರಸಾಕ ಹೋಗಿ ಮಣ್ಣಾಗ ಕಣ್ಣು ಕತ್ತಲಿ ಬಂದು ಬಿದ್ರಿ. ಹೃದಯದ ಬಡಿತ ಮೂವತ್ತಕ್ಕ ಇಳದಿತ್ತು. ಸಾದಾ ಪೇಸ್‌ಮೇಕರ್ ಅಂದ್ರ ಎಡಗಡೆ ಕೊರಳೆಲುಬಿನ ಕೆಳಗ ಚರ್ಮ ಸೀಳಿ ಒಂದು ಡಬ್ಬಿ ಇಟ್ಟು, ಅಲ್ಲಿಂದ ಹೃದಯಕ್ಕ ವಾಯರು ಎಳೀತಾರ. ನೀವು ಸುತಾರಾಂ ಒಲ್ಲೆ ಅಂದ್ರಿ. ಅರವತ್ತೊಂಬತ್ತು ವಯಸ್ಸಿನಾಗೂ ಕುಸ್ತಿ ಮಣ್ಣಿನ ಹೌದಾಕ್ಕ ಇಳದು ಕುತ್ತಿಗಿ ಹಿಡ್ಯಾವ್ರು ನೀವು. ಯಾವನೋ ಎದಿಗೆ ತಲಿ ಕೊಟ್ಟು ದೂಡಿದ್ರ ಡಬ್ಬಿ ಒಡದೀತು ಅಂದ್ರಿ. ಇನಾಮದಾರ ಡಾಕ್ಟರು ನಕ್ಕು, ಹಂಗಾರ ವಾಯರಿಲ್ಲದ್ದು ಹಾಕೂಣು ಅಂದ್ರು. ಗುಳಿಗಿಯಂಥಾದ್ದು, ಅಷ್ಟ ಸಣ್ಣದು. ತೊಡಿ ಸಂದಿನ ರಕ್ತನಾಳದಾಗ ದಪ್ಪ ನಳಗಿ ತೂರಿಸಿ, ಅದರ ತುದಿಗೆ ಅದನ್ನ ಸಿಗಿಸಿ, ಹೃದಯದೊಳಗ ಒಯ್ದು ಬಿಡೂದು. ಅದಕ್ಕ ಸಣ್ಣ ಸಣ್ಣ ಕೊಕ್ಕಿ ಇರತಾವ, ಒಳಗಿನ ಗ್ವಾಡಿ ಹಿಡಕೊಂಡು ಕುಂಡ್ರತೈತಿ.

ನಿಮ್ಮ ಮಶೀನು ಛಂದ ಕುಂತೈತಿ ವಸ್ತಾದ್ರ. ಅದರಾಗ ಏನೂ ತಪ್ಪಿಲ್ಲ. ತಪ್ಪಿದ್ದು ನಳಗ್ಯಾಗ. ಅದರಾಗ ರಕ್ತ ನಿಂತ್ರ ಹೆಪ್ಪುಗಟ್ಟತೈತಿ. ಹಂಗ ಆಗಬಾರದಂತ ಒಂದು ಚೀಲದಿಂದ ಔಷಧದ ನೀರು ಹನಿ ಹನಿ ಹೊಂಟ ಇರಬೇಕು. ಚೀಲಕ್ಕ ಗಾಳಿ ಪಟ್ಟಿ ಸುತ್ತಿ ಪಂಪ್ ಹೊಡೀತೇವಿ, ಬಿ.ಪಿ. ನೋಡೂವಾಗ ತೋಳಿಗೆ ಸುತ್ತತಾರಲ್ಲ, ಅಂಥಾದ್ದು. ಅವತ್ತು ಗಾಳಿ ಇಳೀತು. ಹನಿ ನಿಂತ್ವು. ನಳಗ್ಯಾಗ ರಕ್ತ ಹೆಪ್ಪುಗಟ್ಟಿತು. ಗುಳಿಗಿ ಬಿಡೂ ಹೊತ್ತಿಗೆ ಆ ಹೆಪ್ಪು ಕಳಚಿ ನಿಮ್ಮ ಶ್ವಾಸಕೋಶಕ್ಕ ಹೋಗಿ ಸಿಕ್ಕೊಂಡ್ತು. ಇಷ್ಟ ಆದದ್ದು. ಡಾಕ್ಟರು ಇನ್ನೊಂದು ನಳಗಿ ಹಾಕಿ ಹೆಪ್ಪು ಹೀರಿ ತಗದ್ರು, ಇಲ್ಲಾಂದ್ರ ಇವತ್ತು ನಾ ಯಾರ ಮುಂದ ಕುಂಡ್ರತಿದ್ದೆ.

ಓಣ್ಯಾಗ ಮಂದಿ ಏನಂತಾರ ಗೊತ್ತೇನು? ವಸ್ತಾದರದು ಬಾದಾಮಿ ತುಪ್ಪದ ರಕ್ತ, ಬಾಳ ದಪ್ಪ, ಮಶೀನಿಗೇ ಪಟ್ಟು ಹಾಕ್ತು ಅಂತಾರ. ನಾನೂ ಹೌದೌದು ಅಂದೆ... ಯಾಕ್ರಿ, ಯಾಕ ನಗ್ತೀರಿ? ನಗಬ್ಯಾಡ್ರಿ, ಕೆಮ್ಮು ಬರ್ತೈತಿ. ನೋಡ್ರಿ, ಬಂತು. ನೀರು ಕೊಡ್ಲೇನು? ಸಾವಕಾಶ ಕುಡೀರಿ.

ಗೊತ್ತೈತ್ರಿ, ಸುಳ್ಳ. ರಕ್ತ ಯಾರದರೆ ಇರವಲ್ದ್ಯಾಕ, ನಿಂತ್ರ ಹೆಪ್ಪುಗಟ್ಟತೈತಿ. ಜಟ್ಟಿ ಕೆಳಗ ಬಿದ್ರೂ ಮೀಸಿ ಮಣ್ಣಾಗಲಿಲ್ಲ ಅಂತಾರಲ್ಲ, ನಮ್ಮ ದವಾಖಾನಿದೂ ಹಂಗ. 'ಅಪರೂಪಕ್ಕೆ ಆಗುವ ತೊಂದರೆ' ಅಂತ ಬರದು ಕೈ ತೊಳಕೊಳ್ಳಾವ್ರಿದ್ರು. ಆದ್ರ ಇನಾಮದಾರ ಡಾಕ್ಟರು ಬಿಡಲಿಲ್ಲ. ಹನಿ ಯಾಕ ನಿಂತ್ವು, ನಿಂತದ್ದು ಯಾರೂ ಯಾಕ ಹೇಳಲಿಲ್ಲ, ನನಗದು ಬೇಕು ಅಂತ ಹಟಾ ಹಿಡದ್ರು. ನಿಯಮದ ಪುಸ್ತಕ ತಗಸಿದ್ರು. ಅದರಾಗ ಚೀಲ ನೋಡೂದು ಸಿಸ್ಟರ್ ಕೆಲಸ ಅಂತ ಬರದೈತಿ. ಅವತ್ತು ಇದ್ದಾಕಿ ವನಮಾಲಾ ಸಿಸ್ಟರ್. ಆಕಿನ್ನ ಅವತ್ತ ಕೆಲಸದಿಂದ ನಿಲ್ಲಿಸ್ಯಾರ. ನಾಳೆ ಚೌಕಶ್ಯಾಗ ಪಕ್ಕಾ ಆದ್ರ ಮನಿಗೇ ಕಳಸ್ತಾರ. ಹನ್ನೊಂದು ವರ್ಷದಿಂದ ಗುತ್ತಿಗಿ ಮ್ಯಾಲ ದುಡಿಯಾಕಿ, ಗಂಡ ಇಲ್ಲ, ಕೇಳಾವ್ರು ಯಾರೂ ಇಲ್ಲ.

ಆಕಿ ಇಲ್ಲಿಗೆ ಬಂದಿದ್ಲೇನ್ರಿ? ...ಇಲ್ಲ? ಖರೇನ ಇಲ್ಲ? ಒಂದು ಸಲಾನೂ ಬಂದು, ನನ್ನ ಪರವಾಗಿ ಒಂದು ಮಾತು ಹೇಳ್ರಿ ಅಂತ ಕೇಳಲಿಲ್ಲೇನು?

ಬಂದಿರ್ತಾಳ ಅನಕೊಂಡಿದ್ದೆ. ಆಕಿ ಬರಲಿಲ್ಲ. ನಾ ಬಂದೆ.

ನೋಡ್ರಿ, ನಿಮ್ಮ ಮುಂದ ಬ್ಯಾರೆ ಮಾತು ಯಾಕ. ಪುಸ್ತಕದಾಗ ಬರದದ್ದೊಂದು, ಖೋಲಿಯಾಗ ನಡಿಯೂದೊಂದು. ಆ ಗಾಳಿ ಪಟ್ಟಿ ವರ್ಷದಿಂದ ಸೋರತಿತ್ತು. ಹೊಸಾದು ಬೇಕಂತ ಬರದು ಕೊಡೂದು ಬಿಟ್ಟು ನಾನ ಅದಕ್ಕ ಅಂಟು ಟೇಪು ಸುತ್ತಿ ಇಟ್ಟಿದ್ದೆ. ಬಲಕ್ಕ ಅರ್ಧಾ ಸುತ್ತು ತಿರುವಿ, ಹೆಬ್ಬಟ್ಟಿಲೆ ಒತ್ತಿ ಹಿಡದು ಪಂಪ್ ಹೊಡೀಬೇಕು. ಆ ಹಿಕಮತ್ತು ನನಗೊಬ್ಬಗ ಬರ್ತಿತ್ತು. ಬ್ಯಾರೆಯವರು ಮುಟ್ಟಿದ್ರ ಇದ್ದ ಗಾಳಿನೂ ಹೋಗ್ತಿತ್ತು. ಅದಕ್ಕ ಇದನ್ನ ಯಾರೂ ಮುಟ್ಟಬ್ಯಾಡ್ರಿ, ನನಗ ಹೇಳ್ರಿ ಅಂತ ಎಲ್ಲಾರಿಗೂ ತಾಕೀತು ಮಾಡಿದ್ದೆ. ಉತ್ತಮ ಇಲ್ಲಾಂದ್ರ ಈ ಖೋಲಿ ನಡೆಯೂದಿಲ್ಲ ಅಂತ ಮಂದಿ ಅಂತಿದ್ರು. ಆ ಮಾತು ನನಗ ರುಚಿ ಹತ್ತಿತ್ತು ವಸ್ತಾದ್ರ. ಒಂದು ಹೊಸಾ ಪಟ್ಟಿ ಬಂದ್ರ ಆ ಮಾತು ಹೋಗ್ತಿತ್ತು.

ಅಂದಮ್ಯಾಲ ಚೀಲ ಯಾರು ನೋಡಬೇಕಿತ್ತು ಅಂತ ನೀವು ಕೇಳೂದು. ಕಣ್ಣಿಲೇ ಕೇಳಾಕತ್ತೀರಿ. ನಾನ. ನಾನ ನೋಡಬೇಕಿತ್ತು, ಒಪ್ಪಗೋತೀನಿ. ಆದ್ರ ನನ್ನ ಕೈ ಖಾಲಿ ಇರಲಿಲ್ಲ.

ನೆನಪೈತೇನ್ರಿ ನಿಮಗ? ಮಾರಿ ಮುಂದ ಹಸರು ಬಟ್ಟಿ ಹಾಕಿದ್ರು, ನಿಮಗೇನೂ ಕಾಣಸ್ತಿರಲಿಲ್ಲ. ಎಚ್ಚರಿದ್ರಿ... ಅಂದ್ರ, ಅರ್ಧಾ ಎಚ್ಚರ, ಅರ್ಧಾ ಮಂಪರು. ಡಾಕ್ಟರು ಮಶೀನು ಬಿಡೂ ಹೊತ್ತಿಗೆ ಯಾರೂ ಪಿಟಕ್ ಅನಬಾರದು, ಅವರ ಪದ್ಧತಿ ಹಂಗ. ಅಂಥಾದ್ರಾಗ ನೀವು ಸಣ್ಣ ದನೀಲೆ, 'ಯಾರರೆ ಅದೀರೇನಪಾ ಇಲ್ಲಿ' ಅಂದ್ರಿ. ಅಂಜಿದ್ರಿ ಅಂತ ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಬಿಡೂದೂ ಇಲ್ಲ. ಯಾವ ಮನಶಾಗಾದ್ರೂ ಅಂಜಿಕಿ ಬರೂದ. ಅವಾಗ ನಿಮ್ಮ ಕೈ ಹಿಡದದ್ದು... ನಾನು. ನಿಮ್ಮ ಬಾಜೂಕ ನಿಂತು ಕೈ ಹಿಡಕೊಂಡೆ. ಅದಕ್ಕ ಚೀಲದ ಕಡೆ ನೋಡೂದು ಆಗಲಿಲ್ಲ. ನಿಮ್ಮ ಸಲುವಾಗಿ ತಪ್ಪಿದ್ದು ಅದು. ಇದನ್ನ ನಾ ಚೌಕಶ್ಯಾಗ ಹೇಳಬಹುದಿತ್ತು, ಆದ್ರ ವಸ್ತಾದರ ಮರ್ಯಾದಿ ಹೋಗ್ತೈತಿ ಅಂತ ಹೇಳಲಿಲ್ಲ. ನೀವೂ ಹಂಗ ನನ್ನ ಮಾನ ಕಾಯ್ರಿ. ಇಲ್ಲಿ, ಈ ಗೆರಿ ಮ್ಯಾಲ ಸಹಿ ಮಾಡ್ರಿ. ಪೆನ್ನು ತಗೋರಿ.

...ತಗೋರಿ.

ಪೆನ್ನ ಅದು, ಯಾಕ ಬದಿಗೆ ಇಟ್ರಿ? ಮತ್ತ ಕೈ ಯಾಕ ಚಾಚೀರಿ? ನೀರು ಬೇಕೇನು? ಎಬ್ಬಸ್ಲೇನು?

...ನನ್ನ ಕೈ?

ಬ್ಯಾಡ್ರಿ ವಸ್ತಾದ್ರ.

ಅದೇನು ಅಂತ ನನಗ ಗೊತ್ತೈತಿ. ತಾಲೀಮಿನ್ಯಾಗ ನಮ್ಮನ್ನ ಸಾಲಾಗಿ ನಿಲ್ಲಿಸಿ, ನೀವು ಕಣ್ಣು ಮುಚ್ಚಿ ಒಬ್ಬೊಬ್ಬರ ಕೈ ಹಿಡೀತಿದ್ರಿ. ಹಿಡತ ನೋಡಿ ಹೆಸರು ಹೇಳ್ತಿದ್ರಿ. ನಲವತ್ತು ಮಂದ್ಯಾಗ ಒಂದು ಹೆಸರು ತಪ್ಪತಿರಲಿಲ್ಲ. ನನ್ನ ಕೈ ಬಂದಾಗ ಹೆಸರು ಹೇಳೂದಕ್ಕ ಮೊದಲ ನಗತಿದ್ರಿ. ಇವನ ಅಂಗೈ ಬೆವರತೈತಿ, ಹಿಡತ ಜಾರತೈತಿ ಅಂತಿದ್ರಿ.

ಆತು. ತಗೋರಿ. ಹಿಡೀರಿ.

...

ಈಗೂ ಬೆವರೈತಿ.

ನಾ ಅಲ್ಲ. ಅವತ್ತು ನಿಮ್ಮ ಕೈ ಹಿಡದಾಂವ ನಾ ಅಲ್ಲ ವಸ್ತಾದ್ರ. ಹೆಣ್ಣಿನ ಕೈ ಅಂತ ನಿಮಗ ಅವತ್ತ ತಿಳದಿತ್ತು. ವನಮಾಲಾ ಸಿಸ್ಟರ್ ನಿಮ್ಮ ತಲಿ ಕಡೆ ನಿಂತಿದ್ಲು. ಆಕಿನ ಹಿಡಕೊಂಡಿದ್ಲು, ಕಡೀತನಾ ಬಿಡಲಿಲ್ಲ. ನಾ ಆಕಿ ಕೈನೂ ನನ್ನದು ಅಂದೆ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರ, ನಾನರೆ ಯಾರೂ ಏನೂ ಅನ್ನೂದರಾಗ ಮುಟ್ಟಿ ನೋಡ್ಕೊಂಡೆ.

ಕೈ ಬಿಡ್ರಿ. ಹೇಳ್ತೀನಿ. ...ಬಿಡಂಗಿಲ್ಲ? ಇರಲಿ, ಹಿಡಕೊಂಡ ಕೇಳ್ರಿ.

ಮೊಬೈಲ್ ಹಿಡಕೊಂಡಿದ್ದೆ. ಆ ಖೋಲಿಯಾಗ ಮೊಬೈಲ್ ತಗೀಬಾರದು, ಆದ್ರೂ ತಗದಿದ್ದೆ. ಪಡದಿ ಮ್ಯಾಲ ನಿಮ್ಮ ಹೃದಯ ಕಾಣಸ್ತೈತಿ, ಒಳಗ ಆ ಸಣ್ಣ ಗುಳಿಗಿ ಅಳ್ಳಾಡತಿರ್ತೈತಿ. ಅದನ್ನ ವಿಡಿಯೋ ಮಾಡಾಕತ್ತಿದ್ದೆ. ಚೀಲದ ಕಡೆಯಿಂದ ಛಂದ ಕಾಣಸೂದಿಲ್ಲಂತ ಆಚೀ ಬಾಜೂಕ ಹೋಗಿ ನಿಂತಿದ್ದೆ. ಯಾರಿಗೆ ತೋರಸಾಕ ಗೊತ್ತೇನು? ನಮ್ಮ ತಾಲೀಮಿನ ಹಳೇ ಪೈಲ್ವಾನರದೊಂದು ವಾಟ್ಸಾಪ್ ಗ್ರೂಪ್ ಐತಿ. ಮೂರು ವರ್ಷ ನಾ ಅವರ ಹೌದಾದ ಮಣ್ಣು ಹದಾ ಮಾಡೀನಿ. ಮಜ್ಜಗಿ, ಅರಿಷಿಣ, ಲಿಂಬಿಹಣ್ಣು ಹಾಕಿ ಕಲಸಿ ಕಲಸಿ ಬೆನ್ನು ಬಾಗಿಸೀನಿ. ಕಡೀಕ ಒಂದಿನ ನೀವು ಕರದು, 'ನಿನ್ನ ಮೈಗೆ ಇದಲ್ಲಪಾ, ನೀ ಸಾಲಿ ಕಲಿ' ಅಂದ್ರಿ. ಸಿಟ್ಟಿಲೆ ಅನ್ನಲಿಲ್ಲ, ಬುದ್ಧಿ ಮಾತ ಹೇಳಿದ್ರಿ. ಕಲ್ತ ಅಲ್ಲೇನು ಈ ಕೆಲಸಾ ಸಿಕ್ಕದ್ದು. ಆದ್ರ ಎಲ್ಲಾರ ಮುಂದ ಅಂದ್ರಿ. ಎಲ್ಲಾರೂ ನಕ್ರು. ಇಪ್ಪತ್ತೆಂಟು ವರ್ಷ ಆತು, ಆ ನಗು ನನ್ನ ಕಿವ್ಯಾಗಿಂದ ಹೋಗಿಲ್ಲ.

'ನೋಡ್ರಿ, ಇವತ್ತು ವಸ್ತಾದರ ಹೃದಯ ಕಡ್ಡಿ ಕೈಯಾಗ ಐತಿ.' ಹಿಂಗ ಬರದು ಕಳಸಬೇಕಂತ ಮಾಡಿದ್ದೆ. ಬರದೂ ಇಟ್ಟಿದ್ದೆ. ಕಳಸಿಲ್ರಿ, ಯಾರಿಗೂ ಕಳಸಿಲ್ಲ. ಅಳಸಾಕೂ ಕೈ ಬಂದಿಲ್ಲ.

ನನ್ನ ಕಡೆ ನೋಡಬ್ಯಾಡ್ರಿ ಹಂಗ. ಬೈರಿ. ಒಂದು ಮಾತರೆ ಬೈರಿ. ಇಪ್ಪತ್ತು ದಿನಾ ನೀವು ಯಾರ ಮುಂದೂ ಏನೂ ಅಂದಿಲ್ಲ. ಇನಾಮದಾರ ಡಾಕ್ಟರು ಬಂದು ಕೇಳಿದ್ರಂತ, ಅವರಿಗೂ ಅಂದಿಲ್ಲ. ನಿಮಗ ಏನೂ ಕೇಳಿಸಿಲ್ಲ ಅಂತ ನಾ ತಿಳಕೊಂಡೆ. ನೀವು ಸುಮ್ನ ಇದ್ದದ್ದು ನಾ ಬರ್ಲಿ ಅಂತೇನು? ಕಾಗದ ಇಲ್ಲದ ಬರ್ಲಿ ಅಂತ?

ಕೇಳಿಸಿತ್ತು ನಿಮಗ. ಬಟ್ಟಿ ಮರೀಗೆ ಎಲ್ಲಾ ಕೇಳಿಸಿತ್ತು.

ಹೌದು, ಹನಿ ನಿಂತದ್ದು ಆಕಿ ನನಗ ಹೇಳಿದ್ಲು. ಮೊದಲನೇ ಚೌಕಶ್ಯಾಗ ಆಕಿ ಅದನ್ನ ಹೇಳಿದಾಗ ನಾ ಎದ್ದು ನಿಂತು, ನನಗ ಯಾರೂ ಏನೂ ಹೇಳಿಲ್ಲ ಅಂದೀನಿ. ನನ್ನ ಮಕ್ಕಳ ಆಣಿ ಮಾಡೀನಿ. ನಾ ಹಿರ್ಯಾಂವ, ಪಗಾರದ ಮನಶಾ. ಆಕಿ ಗುತ್ತಿಗ್ಯಾಕಿ. ನನ್ನ ಮಾತು ನಂಬಿದ್ರು. ಆಕಿ ಹೇಳಿದ್ದು ಖರೇ. 'ಉತ್ತಮಭಾವು, ಹನಿ ನಿಂತಾವ' ಅಂದ್ಲು, ಡಾಕ್ಟರಿಗೆ ಕೇಳಬಾರದಂತ ಸಣ್ಣ ದನೀಲೆ. ಪಟ್ಟಿ ತಾನ ಮುಟ್ಟಲಿಲ್ಲ, ನಾ ಮುಟ್ಟಬ್ಯಾಡ ಅಂದಿದ್ನಲ್ಲ. ನಾ ತಡಿ ಅಂದೆ. ಡಾಕ್ಟರು ಇನ್ನೇನು ಗುಳಿಗಿ ಬಿಡ್ತಾರ, ಆ ಘಳಿಗಿ ವಿಡಿಯೋದಾಗ ಸಿಗಬೇಕಿತ್ತು. ಮತ್ತೊಮ್ಮೆ ಹೇಳಿದ್ಲು. ಮತ್ತೊಮ್ಮೆ ತಡಿ ಅಂದೆ. ಎರಡು ಸಲ ವಸ್ತಾದ್ರ. ಎರಡು ಸಲ ಹೇಳಿದ್ಲು, ಎರಡೂ ಸಲ ನಾ ಕೇಳಲಿಲ್ಲ. ಇಷ್ಟ. ಇನ್ನ ನನ್ನ ಹೊಟ್ಟ್ಯಾಗ ಏನೂ ಉಳದಿಲ್ಲ. ನಾಳೆ ಹೋಗಿ ಹಿಂಗ ಅಂತ ಹೇಳಿಬಿಡ್ತೀನಿ, ಈ ಕಾಗದ ಹರದು ಒಗೀತೀನಿ. ಈಗರೆ ಕೈ ಬಿಡ್ರಿ.

...ಬಿಡವಲ್ರಿ ಯಾಕ? ಎಲ್ಲಾ ಹೇಳಿದ್ನಲ್ಲ.

ಆ ಕೈ ಯಾಕ ಎತ್ತೀರಿ? ಏನ್ರಿ ಅದು, ಬೆರಳು...

ಮೂರು?

...

ಹೌದ್ರಿ. ಮೂರು ಸಲ.

ಮೂರನೇ ಸಲ ಆಕಿ ಹನಿ ಸುದ್ದಿ ತಗೀಲಿಲ್ಲ. 'ವಸ್ತಾದರ ಕೈ ತಣ್ಣಗಾಗಾಕತ್ತೈತಿ' ಅಂದ್ಲು. ಅದು ನನಗ ನೆಟ್ಟಗ ಕೇಳಿಸಿತ್ತು. ಕೇಳಿಸಿದ್ರೂ ನಾ ಆಕಿಗೆ, ಬಾಯಿ ಮುಚ್ಚು, ನಿನ್ನ ದನಿ ಇದರಾಗ ಬರಾಕತ್ತೈತಿ ಅಂದೆ.